ಒಂದು ಗೇಣು ಎತ್ತರಿಸಿದ ಜೀಪು

ನೋರ್ಜ್ಮಾ ಇಪ್ಪತ್ತೊಂಬತ್ತು ವರ್ಷಗಳಿಂದ ಮೂರನೇ ಬಗ್‌ನ ಆರೋಗ್ಯ ಸಹಾಯಕಿ. ಮೂರನೇ ಬಗ್ ಎಂದರೆ ಗೋಬಿ ಮರುಭೂಮಿಯ ಬಯಲಿನಲ್ಲಿ ಚೆಲ್ಲಿಕೊಂಡಿರುವ ಅರವತ್ತೆರಡು ಗುಡಾರಗಳು. ಒಂದರ ಹೊಗೆ ಇನ್ನೊಂದಕ್ಕೆ ಕಾಣುವುದಿಲ್ಲ. ಅವುಗಳ ನಡುವೆ ಅವಳು ಮೊದಲು ಕುದುರೆಯ ಮೇಲೆ ಸುತ್ತಿದಳು, ಆಮೇಲೆ ರಷ್ಯದ ಮೋಟಾರ್ ಸೈಕಲ್ ಮೇಲೆ, ಅದು ಕೈಕೊಟ್ಟ ಮೇಲೆ ಚೀನಾದ್ದರ ಮೇಲೆ. ಬಾಣಂತಿಯರನ್ನು ನೋಡಿದ್ದಾಳೆ, ಒಂಟೆ ಒದ್ದವರ ಪಕ್ಕೆಲುಬು ಕಟ್ಟಿದ್ದಾಳೆ, ಸೂಜಿ ಕಂಡರೆ ಮಂಚದಡಿ ನುಸುಳುವ ಮಕ್ಕಳನ್ನು ಕಾಲು ಹಿಡಿದು ಎಳೆದು ಚುಚ್ಚಿದ್ದಾಳೆ. ಆ ಮಕ್ಕಳ ಪೈಕಿ ಒಬ್ಬಳಾದ ಮಿಚಿದ್ಮಾ ಈಗ ಆಸ್ಪತ್ರೆಯ ಮುಖ್ಯಸ್ಥೆ. ಅಂದರೆ ನೋರ್ಜ್ಮಾಳ ಮೇಲಧಿಕಾರಿ.

ಕಳೆದ ಏಪ್ರಿಲ್‌ನಲ್ಲಿ ಮಂಜುಗಟ್ಟಿದ ಹಳ್ಳ ದಾಟುವಾಗ ಚೀನಾದ ಮೋಟಾರ್ ಸೈಕಲ್ ಜಾರಿತು. ಅದು ಬಿದ್ದದ್ದು ಅವಳ ಎಡ ಮೊಣಕಾಲಿನ ಮೇಲೆ. ಎರಡು ತಿಂಗಳು ಮಲಗಿ ಎದ್ದಳು, ನಡೆದಳು, ಆದರೆ ಕಾಲು ಮೊದಲಿನಂತೆ ಮಡಚಲಿಲ್ಲ. ಜುಲೈನಲ್ಲಿ ಮಿಚಿದ್ಮಾ ಅವಳನ್ನು ಕರೆಸಿ ಕೂರಿಸಿ ಚಹಾ ಕೊಟ್ಟಳು. ಚಹಾದ ಜೊತೆ ಸಕ್ಕರೆ ಮಿಠಾಯಿಯನ್ನೂ ಇಟ್ಟಾಗಲೇ ಇವಳಿಗೆ ಏನೋ ಕಾದಿದೆ ಎಂದು ಗೊತ್ತಾಯಿತು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇನ್ನು ಮೋಟಾರ್ ಸೈಕಲ್ ಹತ್ತೋಕೆ ನಾನು ಬಿಡಲ್ಲ. ಆಸ್ಪತ್ರೆ ವ್ಯಾನು ಹೆಂಗೆ ಅಂತ ನಿಮಗೇ ಗೊತ್ತು, ಓಡೋದಕ್ಕಿಂತ ಮಲಗೋದೇ ಹೆಚ್ಚು. ಇಲ್ಲೇ ನೋಂದಣಿ ಮೇಜಲ್ಲಿ ಕೂತ್ಕೊಳ್ಳಿ. ನಿಮ್ಮ ಗುಡಾರಗಳನ್ನ ಎರಡನೇ ಬಗ್‌ಗೆ ಸೇರಿಸ್ತೀನಿ."

"ಎರಡನೇ ಬಗ್‌ನವನಿಗೆ ಅವನ ಗುಡಾರಗಳೇ ಸಿಗಲ್ಲ. ನನ್ನವು ಎಲ್ಲಿ ಸಿಗ್ತವೆ?"

"ಹಾಗಾದ್ರೆ ನೀವೇ ಒಂದು ಗಾಡಿ ತನ್ನಿ. ದಿನ ತುಂಬಿದ ಹೆಂಗಸನ್ನ ಮಲಗಿಸಿಕೊಂಡು ಬರೋಹಾಗಿರಬೇಕು. ಗುಡಾರಗಳನ್ನ ಆ ಕಡೆ ಸೇರಿಸೋ ಪಟ್ಟಿಗೆ ಆಗಸ್ಟ್ ಕೊನೆವರೆಗೆ ಸಹಿ ಹಾಕಲ್ಲ."

ನೋರ್ಜ್ಮಾ ಹೂಂ ಎಂದು ಬಂದಳು. ಹೊರಗೆ ಬಂದಮೇಲೆ ಗೋಡೆ ಹಿಡಿದು ನಿಂತಳು. ಮಕ್ಕಳಿಲ್ಲ, ಗಂಡ ತೀರಿ ಆರು ವರ್ಷ. ಆ ಅರವತ್ತೆರಡು ಬಾಗಿಲುಗಳನ್ನೂ ಕಿತ್ತುಕೊಂಡರೆ ತನ್ನದು ಅಂತ ಉಳಿಯುವುದೇನು? ನೋಂದಣಿ ಮೇಜಿನ ಹಿಂದೆ ಕುಳಿತು ಬಂದವರ ಹೆಸರು ಬರೆಯುತ್ತ ಮುದುಕಿಯಾಗುವ ಚಿತ್ರ ಕಣ್ಣಿಗೆ ಕಟ್ಟಿ ಅವಳಿಗೆ ನಿಜವಾಗಿ ಭಯವಾಯಿತು.

ಗಂಡ ಬಿಟ್ಟುಹೋದ ಮೇಕೆಗಳನ್ನು ಮಾರಿದಳು. ಬಂದ ಹಣದಲ್ಲಿ ಒಂದು ಹಳೆಯ ಗಾಡಿ ಬರುತ್ತಿತ್ತು, ಎರಡನೆಯದು ಬರುತ್ತಿರಲಿಲ್ಲ. ಎಡವಟ್ಟಾದ ಗಾಡಿ ತಂದರೆ ಗಾಡಿಯೂ ಹೋಯಿತು, ಬಗ್ ಕೂಡ ಹೋಯಿತು. ಅದಕ್ಕೇ ಮೈದುನ ಸೊದ್ನೋಮನನ್ನು ಜೊತೆಗೆ ಕರೆದುಕೊಂಡಳು. ಸೊದ್ನೋಮ್ ಲಾರಿ ಓಡಿಸಿದವನು. ಜಗತ್ತಿನಲ್ಲಿ ತನ್ನನ್ನು ಬಿಟ್ಟು ಎಲ್ಲರೂ ಮೋಸಗಾರರು ಎಂದು ನಂಬಿದವನು. ಗಾಡಿ ಕೊಳ್ಳಲು ಹೋಗುವಾಗ ಅಂಥವನೊಬ್ಬ ಪಕ್ಕದಲ್ಲಿರುವುದು ಒಳ್ಳೆಯದೇ.

ಗಾಡಿ ಇದ್ದದ್ದು ಜಿಲ್ಲಾ ಕೇಂದ್ರದ ಅಂಚಿನಲ್ಲಿ, ಚೋಯ್ಜಿಲ್ ಎಂಬ ಹಳೆಯ ಡ್ರೈವರನ ಹಲಗೆ ಬೇಲಿಯ ಅಂಗಳದಲ್ಲಿ. ಜಪಾನಿನ ಡೀಸೆಲ್ ಜೀಪು, ಇಪ್ಪತ್ತೆರಡು ವರ್ಷದ್ದು, ಬಲಗಡೆ ಸ್ಟೀರಿಂಗ್. ಹದಿನಾಲ್ಕು ವರ್ಷ ಅವನು ಅದರಲ್ಲಿ ಪ್ರವಾಸಿಗರನ್ನು ಮರಳುಗುಡ್ಡಗಳಿಗೆ ಹೊತ್ತಿದ್ದ. ಈಗ ಕಣ್ಣಿಗೆ ಪೊರೆ ಬಂದು ಓಡಿಸುವುದು ಬಿಟ್ಟಿದ್ದ.

ಬೇಲಿಯ ಬಾಗಿಲು ತೆರೆದು ಜೀಪನ್ನು ಕಂಡದ್ದೇ ಇಬ್ಬರೂ ನಿಂತುಬಿಟ್ಟರು. ಅದು ಮಾಮೂಲಿ ಜೀಪಾಗಿರಲಿಲ್ಲ. ನೆಲದಿಂದ ಒಂದು ಗೇಣು ಮೇಲಕ್ಕೆ ಎತ್ತಿಸಿ ನಿಲ್ಲಿಸಿದ್ದರು. ಚಕ್ರಗಳು ಟ್ರ್ಯಾಕ್ಟರಿಗೆ ನಾಚಿಕೆ ತರಿಸುವಂತಿದ್ದವು. ತಲೆಯ ಮೇಲೆ ಸಾಲಾಗಿ ಎಂಟು ದೀಪ, ಮುಂದೆ ಉಕ್ಕಿನ ಹಗ್ಗ ಸುತ್ತಿದ ರಾಟೆ, ಪಕ್ಕದಲ್ಲಿ ಗಾಳಿ ಎಳೆದುಕೊಳ್ಳಲು ಚಾವಣಿಯವರೆಗೆ ಏರಿದ ಕಪ್ಪು ಸೊಂಡಿಲು.

"ಮದುವೆ ಗಂಡು," ಎಂದ ಸೊದ್ನೋಮ್ ಮೆಲ್ಲಗೆ. "ಹೊರಗೆ ಥಳುಕು, ಒಳಗೆ ಹುಳುಕು. ಅತ್ತಿಗೆ, ವಾಪಸ್ ಹೋಗೋಣ."

"ಬಾಗಿಲು ತೆಗೆದಾಯ್ತು. ಒಳಗೆ ಹೋಗದಿದ್ರೆ ಮರ್ಯಾದೆಯಲ್ಲ."

ಚೋಯ್ಜಿಲ್ ಬಂದ. ಗಂಡಸರಿಬ್ಬರೂ ವಾಡಿಕೆಯಂತೆ ನಶ್ಯದ ಡಬ್ಬಿ ಅದಲುಬದಲು ಮಾಡಿಕೊಂಡು, ಮೂಸಿ, ಹಿಂದಿರುಗಿಸಿದರು. ಮೇವು ಹೇಗಿದೆ, ಮಳೆ ಬಂತೇ, ದನಕರು ಕೊಬ್ಬಿವೆಯೇ ಎಲ್ಲ ಆಯಿತು. ಆಮೇಲೆ ಚೋಯ್ಜಿಲ್ ಜೀಪಿನ ಗುಣಗಾನ ಶುರುಮಾಡಿದ. ದೀಪಗಳಿಂದ ಶುರುಮಾಡಿ ದೀಪಗಳಲ್ಲೇ ಅರ್ಧ ಗಂಟೆ ಇದ್ದ. ಹಚ್ಚಿದರೆ ಹುಲ್ಲಿನ ಎಸಳೆಸಳು ಎಣಿಸಬಹುದಂತೆ. ನಗರದಲ್ಲಿರುವ ಅಳಿಯ ಹಾಕಿಸಿದ್ದಂತೆ. ರಾಟೆಯೂ ಅಳಿಯನದೇ. ಎತ್ತರಿಸಿದ್ದೂ ಅಳಿಯನೇ.

"ಈ ರಾಟೆ ಹಗ್ಗ ಯಾವುದಕ್ಕೆ ಕಟ್ಟೋದು ಅಣ್ಣಾ?" ಎಂದು ನೋರ್ಜ್ಮಾ ಕೇಳಿದಳು.

"ಗಾಡಿ ಹೂತುಹೋದ್ರೆ ಮರಕ್ಕೆ ಕಟ್ಟಿ ಎಳ್ಕೊಳ್ಳೋದು."

"ಗೋಬಿಯಲ್ಲಿ ಮರ ಎಲ್ಲಿದೆ?"

ಚೋಯ್ಜಿಲ್ ರಾಟೆಯ ಕಡೆ ನೋಡಿದ. "ಅಳಿಯನ್ನ ನಾನೂ ಇದನ್ನೇ ಕೇಳ್ದೆ," ಎಂದ.

ಅಷ್ಟರಲ್ಲಿ ಸೊದ್ನೋಮ್ ಬಾನೆಟ್ ಎತ್ತಿ ಒಳಗೆ ತಲೆ ತೂರಿಸಿದ್ದ. ತಲೆ ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ನೋರ್ಜ್ಮಾಳನ್ನು ಬೇಲಿಯ ಮೂಲೆಗೆ ಕರೆದುಕೊಂಡು ಹೋದ.

"ಎಂಜಿನ್ ತೊಳೆದಿದ್ದಾರೆ ಅತ್ತಿಗೆ. ಫಳಫಳ ಅಂತಿದೆ. ಅದರಲ್ಲಿ ಮುಖ ನೋಡ್ಕೊಂಡು ಗಡ್ಡ ಬೋಳಿಸ್ಕೋಬಹುದು."

"ಚೊಕ್ಕವಾಗಿದ್ರೆ ತಪ್ಪೇನು?"

"ಎಂಜಿನ್ ಯಾಕೆ ತೊಳೀತಾರೆ? ಎಣ್ಣೆ ಎಲ್ಲಿ ಸೋರ್ತಿದೆ ಅಂತ ಕಾಣಬಾರದು ಅಂತ. ಇಲ್ಲಾಂದ್ರೆ ಹಳೇ ಎಂಜಿನ್ ಬಿಚ್ಚಿ ಮಾರ್ಕೊಂಡು ಯಾವುದೋ ಸತ್ತ ಗಾಡೀದು ತಂದು ಕೂರಿಸಿದ್ದಾರೆ. ಆ ಮುದುಕ ಇಷ್ಟು ಹೊತ್ತು ದೀಪದ ಬಗ್ಗೆ ಮಾತಾಡಿದ. ಎಂಜಿನ್ ಬಗ್ಗೆ ಒಂದು ಮಾತಾಡಿದ್ನಾ?"

ಆಡಿರಲಿಲ್ಲ. ಅದು ನೋರ್ಜ್ಮಾಳ ಗಮನಕ್ಕೂ ಬಂದಿತ್ತು.

ಓಡಿಸಿ ನೋಡೋಣ ಎಂದು ಹೊರಟರು. ಹೊರಡುವುದಕ್ಕೆ ಮೊದಲು ಹತ್ತಬೇಕಲ್ಲ. ಅವಳು ಬಲಗಾಲು ಮೆಟ್ಟಿಲಿನ ಮೇಲಿಟ್ಟಳು, ಹಿಡಿ ಹಿಡಿದು ಎಳೆದುಕೊಂಡಳು, ಎಡ ಮೊಣಕಾಲು ಬಾಗಲೊಲ್ಲೆ ಎಂದಿತು. ಎರಡನೇ ಸಲವೂ ಹಾಗೇ. ಮೂರನೇ ಸಲ ಸೊದ್ನೋಮ್ ಹಿಂದಿನಿಂದ ಭುಜ ಕೊಟ್ಟು ತಳ್ಳಿದ ಮೇಲೆ ಹಿಟ್ಟಿನ ಮೂಟೆ ಬಿದ್ದಂತೆ ಸೀಟಿನ ಮೇಲೆ ಬಿದ್ದಳು. ಯಾರೂ ನಗಲಿಲ್ಲ, ನಕ್ಕಿದ್ದರೇ ಚೆನ್ನಾಗಿತ್ತು. ತನಗೇ ಹೀಗಾದರೆ ದಿನ ತುಂಬಿದ ಹೆಂಗಸನ್ನು ಇದಕ್ಕೆ ಹತ್ತಿಸುವುದು ಹೇಗೆ? ಕುರಿ ಎತ್ತಿ ಲಾರಿಗೆ ಹಾಕಿದಂತೆ ನಾಲ್ಕು ಜನ ಎತ್ತಿ ಹಾಕಬೇಕು. ಆ ಗುಡಾರಗಳಲ್ಲಿ ನಾಲ್ಕು ಜನ ಒಟ್ಟಿಗೆ ಸಿಗುವುದು ಮದುವೆಗೆ ಮಾತ್ರ.

ಜೀಪು ಕೀಲಿಯ ಮೊದಲ ತಿರುವಿಗೇ ಶುರುವಾಯಿತು, ಸದ್ದಿಲ್ಲದೆ ಹೊರಟಿತು. ಆದರೆ ಅಲೆ ಅಲೆಯಾದ ಮಣ್ಣಿನ ದಾರಿಗೆ ಇಳಿದು ಸ್ವಲ್ಪ ವೇಗ ಕೊಟ್ಟದ್ದೇ ಸ್ಟೀರಿಂಗ್ ಗಡಗಡ ನಡುಗತೊಡಗಿತು. ಅವಳ ಕೈ, ತೋಳು, ಗಲ್ಲ ಎಲ್ಲ ನಡುಗಿದವು. ದಾರಿಯ ತಿರುವಿನಲ್ಲಿ ಜೀಪಿನ ಮೈ ಒಂದು ಕಡೆಗೆ ವಾಲಿತು. ಪಕ್ಕದಲ್ಲಿ ಸೊದ್ನೋಮ್ ಬಾಯಿ ಬಿಗಿದು ಬಾಗಿಲಿನ ಹಿಡಿ ಹಿಡಿದಿದ್ದ. ವಾಪಸ್ಸು ಬರುವ ದಾರಿಯಲ್ಲಿ ನೋರ್ಜ್ಮಾಳ ಮನಸ್ಸು ಪೂರ್ತಿ ಕುಸಿದಿತ್ತು. ಆಗಸ್ಟ್ ಮುಗಿಯಲು ಒಂಬತ್ತು ದಿನ ಉಳಿದಿತ್ತು. ಈ ಬೇಸಿಗೆಯಲ್ಲಿ ಅವಳ ಕೈಗೆಟುಕುವ ಗಾಡಿ ಬೇರೊಂದು ಸಿಕ್ಕಿರಲಿಲ್ಲ.

ಒಳಗೆ ಚೋಯ್ಜಿಲನ ಹೆಂಡತಿ ದೆಜಿದ್ ಉಪ್ಪು ಹಾಕಿದ ಹಾಲುಚಹಾ, ಕರಿದ ಹಿಟ್ಟಿನ ತುಂಡು, ಕೆನೆ ಇಟ್ಟು ಕಾದಿದ್ದಳು. ಅರವತ್ತೆಂಟರ ಗುಂಡಗಿನ ಹೆಂಗಸು. ಸೊದ್ನೋಮ್ ಬಟ್ಟಲನ್ನು ಎರಡೇ ಗುಟುಕಿಗೆ ಮುಗಿಸಿ, ಹೊರಡೋಣ ಎಂಬಂತೆ ಅತ್ತಿಗೆಯ ಮುಖ ನೋಡಿದ. ನೋರ್ಜ್ಮಾ ಏಳಲಿಲ್ಲ. ಅವಳಿಗೆ ಅಪ್ಪನ ನೆನಪು ಬಂದಿತ್ತು.

ಅಪ್ಪ ಕುದುರೆ ಮಾರುವಾಗ ಲಗಾಮು ಕೊಡುತ್ತಿರಲಿಲ್ಲ. ಯಾರೂ ಕೊಡುವುದಿಲ್ಲ. ಕುದುರೆಯ ಕೇಸರದಿಂದ ನಾಲ್ಕು ಕೂದಲು ಕಿತ್ತು, ಮೂತಿಯನ್ನು ತನ್ನ ಅಂಗಿಯ ತೋಳಿನ ಒಳಮಗ್ಗುಲಿನಿಂದ ಒರೆಸಿಕೊಂಡ ಮೇಲೆಯೇ ಹಗ್ಗ ಬಿಡುತ್ತಿದ್ದ. ಪ್ರಾಣಿ ಹೋದರೂ ಅದು ತಂದ ಭಾಗ್ಯ ಮನೆಯಲ್ಲಿ ಉಳಿಯಲಿ ಎಂದು. ಒಂದು ಸಲ ಮಾತ್ರ, ಕಚ್ಚುವ ಚಾಳಿಯ ಒಂದು ಕಂದು ಕುದುರೆಯನ್ನು ಮಾರುವಾಗ ಅಪ್ಪ ಏನನ್ನೂ ತೆಗೆದುಕೊಳ್ಳಲಿಲ್ಲ. ಕೊಳ್ಳುವವನ ಎದುರಿಗೆ ಬಾಯಿ ತುಂಬ ಹೊಗಳಿದ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಇದ್ದ. ಕೊಂಡವನು ವಯಸ್ಸಿನಲ್ಲಿ ಚಿಕ್ಕವನು, ಗಮನಿಸಲಿಲ್ಲ. ಇವಳಿಗೆ ಆಗ ಒಂಬತ್ತು ವರ್ಷ, ಗಮನಿಸಿದ್ದಳು.

ಬಟ್ಟಲನ್ನು ಕೆಳಗಿಟ್ಟು ಹೇಳಿದಳು: "ಚೋಯ್ಜಿಲಣ್ಣ, ಕೊಳ್ತೀನೋ ಇಲ್ವೋ ಆಮೇಲಿನ ಮಾತು. ಮೊದಲು ನಿಮ್ಮ ಭಾಗ್ಯ ತೆಗೆದಿಟ್ಕೊಂಡುಬಿಡಿ."

ಚೋಯ್ಜಿಲ್ ಕಣ್ಣು ಕಿರಿದು ಮಾಡಿದ. "ಮಾತು ಮುಗೀದೇನೇ? ನೀವು ಕೊಳ್ಳದಿದ್ರೆ?"

"ಕೊಳ್ಳದಿದ್ರೆ ತೆಗೆದದ್ದನ್ನ ಅಲ್ಲೇ ವಾಪಸ್ ಒರೆಸಿ."

"ಇದು ಕಬ್ಬಿಣ ಅತ್ತಿಗೆ," ಎಂದ ಸೊದ್ನೋಮ್. "ಇದಕ್ಕೆ ಕೇಸರ ಎಲ್ಲಿದೆ, ಮೂತಿ ಎಲ್ಲಿದೆ?"

"ಹದಿನಾಲ್ಕು ವರ್ಷ ಇವರ ಮನೆಗೆ ಅನ್ನ ಹಾಕಿದೆ. ಎಲ್ಲಿದೆ ಅಂತ ಇವರಿಗೆ ಗೊತ್ತಿರುತ್ತೆ. ನೀನು ಸುಮ್ನಿರು."

ದೆಜಿದ್ ಎದ್ದು ಗೋಡೆಯ ಮೊಳೆಯಿಂದ ಗಂಡನ ಟೋಪಿ ತೆಗೆದು ಕೊಟ್ಟಳು. ಟೋಪಿ ಇಲ್ಲದೆ ಮಾಡುವ ಕೆಲಸವಲ್ಲ ಅದು. ಚೋಯ್ಜಿಲ್ ಟೋಪಿ ಇಟ್ಟುಕೊಂಡ, ನಡುಪಟ್ಟಿ ಬಿಗಿದುಕೊಂಡ, ಅಂಗಳಕ್ಕೆ ಇಳಿದ. ಮೂವರೂ ಹಿಂದೆ ಹೋಗಿ ಬಾಗಿಲ ಬಳಿ ನಿಂತರು.

ಮುದುಕ ಮೊದಲು ಜೀಪಿನ ಸುತ್ತ ಒಂದು ಸುತ್ತು ಬಂದ. ಅರ್ಧ ಗಂಟೆ ಹೊಗಳಿದ್ದ ದೀಪಗಳ ಕಡೆ ತಲೆ ಎತ್ತಲಿಲ್ಲ. ರಾಟೆಯನ್ನು ದಾಟಿಹೋದ. ದೊಡ್ಡ ಚಕ್ರಗಳನ್ನೂ ದಾಟಿಹೋದ. ಸೊದ್ನೋಮ್ "ನೋಡಿ, ನೋಡಿ" ಎಂದು ಪಿಸುಗುಟ್ಟಿದ. ನೋರ್ಜ್ಮಾ ಅವನ ಕೈಗಳನ್ನೇ ನೋಡುತ್ತಿದ್ದಳು. ಸುತ್ತು ಮುಗಿಸಿ ಕೈ ಬೆನ್ನ ಹಿಂದೆ ಕಟ್ಟಿದನೋ, ಅವಳು ಮನೆಗೆ ಹೋಗಿ ನೋಂದಣಿ ಮೇಜಿಗೆ ಕುರ್ಚಿ ಎಳೆದುಕೊಳ್ಳುವುದೊಂದೇ ಬಾಕಿ.

ಚೋಯ್ಜಿಲ್ ಬಾನೆಟ್ ಎತ್ತಿದ. ಆಮೇಲೆ ಅಂಗಿಯ ಬಲತೋಳನ್ನು ಮಡಿಸಿ, ಒಳಗಿನ ಬಟ್ಟೆಯನ್ನು ಹೊರಗೆ ಮಾಡಿ, ಬಗ್ಗಿ ಎಂಜಿನ್ನನ್ನು ಒರೆಸಿದ. ಒಂದು ಕಡೆ ಅಲ್ಲ. ಮೇಲಿನ ಮುಚ್ಚಳ, ಪಕ್ಕದ ಡೀಸೆಲ್ ಪಂಪು, ಕೆಳಗೆ ಕೈ ಹೋದಷ್ಟು ದೂರ. ಕುದುರೆಯ ಮೂತಿ ಒರೆಸುವ ಹಾಗೆಯೇ, ಮೃದುವಾಗಿ, ತುಟಿಯಲ್ಲಿ ಏನೋ ಹೇಳಿಕೊಳ್ಳುತ್ತ. ಅದಾದ ಮೇಲೆ ಮಣ್ಣಿನಲ್ಲಿ ಅಂಗಾತ ಮಲಗಿ ಜೀಪಿನ ಕೆಳಗೆ ಹೋಗಿ ಗೇರ್ ಪೆಟ್ಟಿಗೆಯನ್ನೂ ಹಿಂದಿನ ಆ್ಯಕ್ಸೆಲನ್ನೂ ಒರೆಸಿಕೊಂಡು ಬಂದ. ಎದ್ದು ನಿಂತಾಗ ತೋಳೆಲ್ಲ ಕಪ್ಪಾಗಿತ್ತು. ಅದನ್ನು ಹಾಗೇ ಒಳಕ್ಕೆ ಮಡಿಚಿ ಎದೆಗೆ ಒತ್ತಿಕೊಂಡ. ಪೊರೆ ಬಂದ ಆ ಕಣ್ಣುಗಳಲ್ಲಿ ನೀರಿತ್ತು.

"ಹದಿನಾಲ್ಕು ವರ್ಷದಲ್ಲಿ ಒಂದು ರಾತ್ರಿ ನನ್ನನ್ನ ಬಯಲಲ್ಲಿ ಮಲಗಿಸಿಲ್ಲ ಇದು," ಎಂದ. "ಮೈನಸ್ ನಲವತ್ತರ ಚಳೀಲೂ ಮನೆಗೆ ತಂದು ಬಿಟ್ಟಿದೆ. ತೆಗೆದಿಟ್ಕೊಳ್ಳದೆ ಕೊಟ್ರೆ ನಾನು ಮೂರ್ಖ."

"ಹಾಗಾದ್ರೆ ಬಾಯಿಬಿಟ್ಟು ಎಂಜಿನ್ ಬಗ್ಗೆ ಒಂದು ಮಾತೂ ಆಡಲಿಲ್ವಲ್ಲ ನೀವು?" ಎಂದ ಸೊದ್ನೋಮ್. ದನಿ ಸ್ವಲ್ಪ ಇಳಿದಿತ್ತು.

"ಹೊಗಳಿದ್ರೆ ದೃಷ್ಟಿ ಆಗಲ್ವಾ? ದೀಪಕ್ಕೆ ದೃಷ್ಟಿ ಬಿದ್ರೆ ಹೋಗೋದೇನು?"

"ಮತ್ತೆ ತೊಳೆದದ್ದು ಯಾಕೆ? ಅಷ್ಟು ಫಳಫಳ ಯಾಕೆ?"

"ಅದು ನಾನು," ಎಂದಳು ದೆಜಿದ್. "ಮನೆಗೆ ಜನ ಬರ್ತಾರೆ ಅಂದ್ರು. ಹಾಸಿಗೆ ಕೊಡವಿದೆ, ಒಲೆ ಸಾರಿಸಿದೆ, ಅದನ್ನೂ ಬ್ರಷ್ ಹಾಕಿ ಉಜ್ಜಿದೆ. ಕೊಳಕು ಗಾಡಿ ತೋರಿಸೋಕೆ ನಾಚಿಕೆ ಆಗಲ್ವಾ?"

ನೋರ್ಜ್ಮಾಗೆ ನಗು ತಡೆಯಲಾಗಲಿಲ್ಲ. ಬೆಳಗಿನಿಂದ ಎದೆಯ ಮೇಲೆ ಕುಳಿತಿದ್ದ ಕಲ್ಲು ಆ ನಗುವಿನ ಜೊತೆಗೇ ಉರುಳಿತು. ಸೊದ್ನೋಮ್ ಮಾತ್ರ ಅಷ್ಟು ಸುಲಭಕ್ಕೆ ಸೋಲುವವನಲ್ಲ. ರಟ್ಟಿನ ಡಬ್ಬವೊಂದನ್ನು ಹರಿದು ಎಂಜಿನ್ನಿನ ಅಡಿಗೆ ಹಾಸಿ, ಜೀಪು ಶುರುಮಾಡಿ, ಒಂದು ಗಂಟೆ ಓಡಲು ಬಿಟ್ಟು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತ. ಗಂಟೆ ಕಳೆದ ಮೇಲೆ ರಟ್ಟನ್ನು ಎಳೆದು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದ. ಒಂದು ಹನಿ ಎಣ್ಣೆ ಇರಲಿಲ್ಲ. ಅವನ ಮುಖ ನೋಡಿದರೆ ಯಾರೋ ಹತ್ತಿರದವರು ಹೋದಂತಿತ್ತು.

"ಎಂಜಿನ್ ಪರವಾಗಿಲ್ಲ," ಎಂದ ಕೊನೆಗೆ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

"ಆದರೆ ಅಣ್ಣಾ, ನೀವು ಭಾಗ್ಯ ತೆಗೆದ ಜಾಗಗಳಷ್ಟೇ ನನಗೆ ಬೇಕು," ಎಂದಳು ನೋರ್ಜ್ಮಾ. "ಮಿಕ್ಕದ್ದು ಬೇಡ. ಈ ಎತ್ತರದಲ್ಲಿ ನಾನೇ ಹತ್ತಲಾರೆ, ನನ್ನ ಬಸುರಿ ಹೆಂಗಸರು ಹೇಗೆ ಹತ್ತುತ್ತಾರೆ? ಓಡ್ತಾ ನಡುಗೋದೂ ಈ ಚಕ್ರದಿಂದಲೇ ಇರಬೇಕು."

"ಅದರಿಂದಲೇ," ಎಂದ ಸೊದ್ನೋಮ್. ಈಗ ಅವನಿಗೆ ಮತ್ತೆ ಹುಮ್ಮಸ್ಸು ಬಂತು. "ಮರಗಾಲು ಕಟ್ಟಿಕೊಂಡು ಓಡಿದ್ರೆ ಯಾರು ನಡುಗಲ್ಲ?"

ಚೋಯ್ಜಿಲ್ ಹೆಂಡತಿಯ ಕಡೆ ನೋಡಿದ. ದೆಜಿದ್ ಗೋದಾಮಿನ ಕಡೆ ನೋಡಿದಳು.

"ಹಳೇ ಸ್ಪ್ರಿಂಗು, ಹಳೇ ಚಕ್ರ ಒಳಗೇ ಇವೆ," ಎಂದಳು. "ಅಳಿಯ ಬಿಸಾಕು ಅಂದ. ನಾನು ಚರ್ಮದ ಗಂಟಿನ ಹಿಂದೆ ಬಚ್ಚಿಟ್ಟೆ. ಎರಡು ವರ್ಷ ಆಯ್ತು, ಇದನ್ನ ಎತ್ತರ ಮಾಡಿದಾಗಿಂದ ನಾನು ಇದಕ್ಕೆ ಕಾಲಿಟ್ಟಿಲ್ಲ. ತವರಿಗೆ ಹೋಗೋದಕ್ಕೂ ಬಸ್ಸು."

"ಅಳಿಯನಿಗೆ ಏನಂತ ಹೇಳೋದು?" ಎಂದ ಚೋಯ್ಜಿಲ್.

"ದೀಪ, ರಾಟೆ, ಚಕ್ರ ಎಲ್ಲ ಮೂಟೆ ಕಟ್ಟಿ ಕಳಿಸೋಣ. ಅವನ ಮಂಚಕ್ಕೆ ಹಾಕಿಸ್ಕೊಳ್ಳಲಿ."

ಎರಡು ದಿನ ಹಿಡಿಯಿತು. ಪರಿಚಯದ ಗ್ಯಾರೇಜಿನ ಹೊಂಡದ ಮೇಲೆ ಜೀಪು ನಿಲ್ಲಿಸಿ, ಸೊದ್ನೋಮ್ ಮತ್ತು ಚೋಯ್ಜಿಲ್ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ತುಕ್ಕು ಹಿಡಿದ ಬೋಲ್ಟುಗಳನ್ನು ಬಿಚ್ಚಿದರು. ಎರಡನೇ ದಿನದ ಹೊತ್ತಿಗೆ ಆ ಬೈಗುಳದಲ್ಲಿ ಸ್ನೇಹ ಬಂದುಬಿಟ್ಟಿತ್ತು. ನೋರ್ಜ್ಮಾ ಗಾಳಿಯ ಸೊಂಡಿಲನ್ನು ಮಾತ್ರ ಉಳಿಸಿಕೊಂಡಳು. ಧೂಳಿನ ದಾರಿಗೆ ಅದು ನಿಜವಾಗಿ ಒಳ್ಳೆಯದು, ಗಂಡಸರಿಬ್ಬರೂ ಒಪ್ಪಿದ ಒಂದೇ ವಿಷಯ ಅದು. ಹಿಂದಿನ ಸೀಟುಗಳು ಚಪ್ಪಟೆಯಾಗಿ ಮಡಚುತ್ತಿದ್ದವು. ಒಬ್ಬರು ಕಾಲು ಚಾಚಿ ಮಲಗಲು ಜಾಗ ಸಾಕಾಗಿತ್ತು. ಅವಳು ತಾನೇ ಮಲಗಿ ನೋಡಿದಳು.

ಕೆಳಗಿಳಿಸಿದ ಜೀಪು ಅಂಗಳಕ್ಕೆ ಬಂದಾಗ ಮೊದಲು ಹತ್ತಿದವಳು ದೆಜಿದ್. ಯಾರೂ ಹೇಳಿರಲಿಲ್ಲ. ನೆಲದಿಂದ ಮೆಟ್ಟಿಲಿಗೆ ಒಂದು ಕಾಲು, ಮೆಟ್ಟಿಲಿನಿಂದ ಒಳಕ್ಕೆ ಇನ್ನೊಂದು. ಕೂತು ನಿಲುವಂಗಿಯ ಅಂಚು ಸರಿಮಾಡಿಕೊಂಡು, "ಇದು ನಮ್ಮ ಗಾಡಿ," ಎಂದಳು. ಆಮೇಲೆ ಅದು ತಮ್ಮದಲ್ಲ ಎಂದು ನೆನಪಾಗಿ ಇಳಿದಳು. ನೋರ್ಜ್ಮಾ ಅವಳ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ.

ಆ ದಿನವೇ ವ್ಯವಹಾರ ಮುಗಿಯಿತು. ಹೊರಡುವಾಗ ದಾರಿ ಸುಖವಾಗಲಿ ಎಂದು ದೆಜಿದ್ ಮರದ ಸೌಟಿನಿಂದ ನಾಲ್ಕೂ ಚಕ್ರಗಳಿಗೆ ಹಾಲು ಚಿಮುಕಿಸಿದಳು, ಒಂದು ಸೌಟು ಹೆಚ್ಚಾಗಿ ಸೊದ್ನೋಮನ ಬೂಟಿಗೂ ಬಿತ್ತು. ಮಣ್ಣಿನ ದಾರಿಯಲ್ಲಿ ಸ್ಟೀರಿಂಗ್ ನಡುಗಲಿಲ್ಲ. ಸಿಗ್ನಲ್ ಸಿಗುವ ದಿಬ್ಬದ ಮೇಲೆ ನಿಲ್ಲಿಸಿ ನೋರ್ಜ್ಮಾ ಮಿಚಿದ್ಮಾಗೆ ಫೋನ್ ಮಾಡಿದಳು.

"ಗಾಡಿ ಸಿಕ್ತು. ಮಲಗಿಸಿಕೊಂಡೂ ಬರಬಹುದು. ನಾನೇ ಮಲಗಿ ನೋಡಿದೆ."

ಆ ಕಡೆಯಿಂದ ಕಾಗದ ಹರಿಯುವ ಸದ್ದು ಕೇಳಿಸಿತು. "ಪಟ್ಟಿ ಹೋಯ್ತು ಅಕ್ಕಾ. ನನಗೂ ಜೀವ ಬಂತು. ಎರಡನೇ ಬಗ್‌ನವನು ಬೆಳಗ್ಗಿಂದ ಮೂರು ಸಲ ಬಂದು ಅತ್ತುಹೋದ."

ಫೋನ್ ಇಟ್ಟು ನೋರ್ಜ್ಮಾ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತಳು. ಸೊದ್ನೋಮ್ ಕಿಟಕಿಯಾಚೆ ಇಲ್ಲದ ಒಂಟೆಗಳನ್ನು ಎಣಿಸುತ್ತ ಕುಳಿತ.

ಮರುದಿನ ಬೆಳಿಗ್ಗೆ ಅವಳೊಬ್ಬಳೇ ಮೊದಲ ಗುಡಾರಕ್ಕೆ ಹೋದಳು. ಲೊದೊಯ್ ಎಂಬ ಮುದುಕನದು. ಹೊಸ ಸದ್ದಿಗೆ ನಾಯಿಗಳು ರೊಚ್ಚಿಗೆದ್ದು ಬಂದವು. "ನಾಯಿ ಹಿಡೀರಿ," ಎಂದು ಅವಳು ಕಿಟಕಿಯಿಂದ ಕೂಗಿದಳು. ಉಣ್ಣೆ ಕೊಳ್ಳುವವರ ಗಾಡಿ ಎಂದುಕೊಂಡು ಲೊದೊಯ್ ಹುಬ್ಬಿಗೆ ಕೈ ಅಡ್ಡ ಹಿಡಿದು ಹೊರಗೆ ಬಂದ.

"ಉಣ್ಣೆ ಇಲ್ಲ, ಎಲ್ಲಾ ಮಾರಾಯ್ತು. ಮುಂದಕ್ಕೆ ಹೋಗಿ."

ಅವಳು ಬಾಗಿಲು ತೆಗೆದು ಯಾರ ಸಹಾಯವೂ ಇಲ್ಲದೆ ಇಳಿದಳು. ಮುದುಕ ನೋಡುತ್ತ ನಿಂತ.

"ಡಾಕ್ಟ್ರಮ್ಮಾ? ನಿಮ್ಮನ್ನ ಆಫೀಸಲ್ಲಿ ಕೂರಿಸಿದ್ರಂತಲ್ಲ?"

ಒಳಗೆ ಕೂತು ಅವನ ತೋಳಿಗೆ ರಕ್ತದೊತ್ತಡ ಅಳೆಯುವ ಪಟ್ಟಿ ಸುತ್ತಿ ಗಾಳಿ ಒತ್ತಿದಳು. ಮುಳ್ಳು ಹೋಗಬಾರದಷ್ಟು ಮೇಲಕ್ಕೆ ಹೋಯಿತು. ಮಾತ್ರೆಯ ಡಬ್ಬ ತರಿಸಿ ತೆರೆದಳು. ಕಳೆದ ತಿಂಗಳು ಕಳಿಸಿದ್ದು ಹಾಗೇ ಇತ್ತು.

"ಯಾಕೆ ತಗೊಂಡಿಲ್ಲ?"

"ನೀವು ಬರಲ್ಲ ಅಂದ್ರು," ಎಂದ ಲೊದೊಯ್. "ಬರದಿದ್ಮೇಲೆ ನುಂಗಿದ್ರೂ ಬಿಟ್ರೂ ನೋಡೋರು ಯಾರು ಅಂತ ಬಿಟ್ಟೆ."

ನೋರ್ಜ್ಮಾಗೆ ಕೋಪ ಉಕ್ಕಿ ಬಂತು. ಒಂದು ಮಾತ್ರೆ ಬಿಡಿಸಿ ಅವನ ಅಂಗೈಯಲ್ಲಿಟ್ಟು, ಚಹಾದ ಬಟ್ಟಲನ್ನು ಮುಂದಕ್ಕೆ ತಳ್ಳಿದಳು.

"ಗುರುವಾರ ಮತ್ತೆ ಅಳೀಬೇಕು," ಎಂದಳು.

"ಯಾರು ಬರ್ತಾರೆ?"

"ನಾನೇ."

ಲೊದೊಯ್ ಅವಳ ಮುಖವನ್ನೇ ನೋಡಿ ಮಾತ್ರೆ ನುಂಗಿದ.